ತೊಗಟೆ ಬಿಚ್ಚಿದ ಕೊಂಬೆ

ಕೊಂಬೆ ಕೆಡಿಸುತ್ತಿರುವವನು ಅಪ್ಪನೇ ಇರಬಹುದೇ? ತಾನು ಈ ಕಲ್ಯಾಣ ಊರಲ್ಲೇ ಕೊಳೆಯುವುದು ಬೇರೆ ಯಾರಿಗೆ ಬೇಕಾಗಿದೆ?

ಅಜೀಮುದ್ದೀನ್ ಕುಡಗೋಲಿನ ಬೆನ್ನಿನಿಂದ ಹಸಿ ಕೊಂಬೆಯ ತೊಗಟೆ ಎಬ್ಬಿಸುತ್ತಿದ್ದ. ಹತ್ತಿ ಹಿಂಜುವ ಬಿಲ್ಲಿಗೆಂದು ಕಡಿದ ಮೂರನೆಯ ಕೊಂಬೆ. ಮೊದಲೆರಡೂ ಉದ್ದಕ್ಕೆ ಸೀಳಿದ್ದವು. ಪಿಂಜಾರರಲ್ಲಿ ಸ್ವಂತ ಬಿಲ್ಲಿಲ್ಲದವನು ಆಳು. ಬಿಲ್ಲಾದ ದಿನ ಹುಮನಾಬಾದಿನ ಪೇಟೆಯಲ್ಲಿ ಅವನೇ ಧಣಿ.

ತಪ್ಪೆಲ್ಲಿ? ರಸ ಆರುವ ಮುನ್ನ, ಕಡಿದ ದಿನವೇ ತೊಗಟೆ ಬಿಡಿಸಿದ್ದ. ಒಳಮರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ತೇವ ಒಮ್ಮೆಲೇ ಹಾರದಂತೆ ಎರಡೂ ತುದಿಗೆ ಸಗಣಿ ಮೆತ್ತಿ, ಕತ್ತಲ ಮೂಲೆಯಲ್ಲಿ ಹುಲ್ಲಿನಡಿ ಮಲಗಿಸಿದ್ದ. ಅಪ್ಪನ ಬಿಲ್ಲು ಹೊತ್ತು ಓಣಿ ಸುತ್ತಿ ಸಂಜೆ ಬಂದು ಮುಟ್ಟಿದರೆ ಸಗಣಿ ಇನ್ನೂ ಹಸಿಹಸಿ. ಮರ ಮಾತ್ರ ಬಿರುಕು.

“ಅವಸರ ಮಾಡಬ್ಯಾಡ ಬೇಟಾ,” ಹಿತ್ತಲ ಕಟ್ಟೆಯ ಮೇಲಿಂದ ಅಪ್ಪ ನಬೀಸಾಬ್ ಅಂದ. “ತೊಗಟಿ ಬಿಚ್ಚಿದ ಕಟಗಿ ಎಳೆಕೂಸಿದ್ದಂಗ. ಬಿಸಲಿಗಿ ಹಾಕಬಾರ್ದು.”

ಮುದುಕನ ಕೈಯಲ್ಲಿ ಬಿಲ್ಲು ಎತ್ತುವ ಕಸುವು ಉಳಿದಿರಲಿಲ್ಲ. ಮಗ ಹೋದರೆ ಆ ಮನೆಯಲ್ಲಿ ಬಿಲ್ಲು ಮೀಟುವವರಿಲ್ಲ.

“ಮೂರು ಹೊತ್ತೂ ಹುಮನಾಬಾದ್ ಅಂತ ಕುಣಿಯಾಕತ್ತಿ. ಹೋಗಿ ತೊಲಗಬಾರದಾ?” ಒಳಗಿಂದ ಮಲತಾಯಿ ವಜೀರಬಿ ಕೂಗಿದಳು. “ಒಂದು ತಾಟು ತೊಳೆಯೋದಾರ ತಪ್ತದ.”

ಅವಳ ತಲೆಯ ಮೇಲೆ ಗೋಡೆಯ ಗೂಟ ಖಾಲಿಯಿತ್ತು. ಅವಳ ಹೊಟ್ಟೆಯ ಮಗ ಖಮರುದ್ದೀನನ ಬಿಲ್ಲು ತೂಗುತ್ತಿದ್ದ ಗೂಟ. ಹೋದ ಭಾದ್ರಪದದಲ್ಲಿ ಆ ಬಿಲ್ಲು ಹೆಗಲಿಗೇರಿಸಿ ಹುಮನಾಬಾದಿಗೆ ಹೋದವನು ಸೈನ್ಯ ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ಗದ್ದಲಕ್ಕೆ ಸಿಕ್ಕ. ಮರಳಲಿಲ್ಲ. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ.

ಮರುದಿನ ಅಜೀಮುದ್ದೀನ್ ಬಿಲ್ಲು ಹೊತ್ತು ಹೊರಟವನು ಓಣಿಯ ತಿರುವಿನಿಂದಲೇ ಹಿಂದಿರುಗಿದ. ಹಿತ್ತಲ ಗೋಡೆಯ ಸಂದಿಗೆ ಕಣ್ಣಿಟ್ಟು ನಿಂತ. ಇವತ್ತು ಅಪ್ಪನನ್ನು ಕೈಯಾರೆ ಹಿಡಿಯಬೇಕು.

ಅಪ್ಪ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ.

ವಜೀರಬಿ ಕೊಂಬೆಯನ್ನು ಎದೆಗಾನಿಸಿಕೊಂಡು ಹೊರಗೆ ತಂದಳು. ತುದಿಗಳ ಸಗಣಿ ಕೆರೆದಳು. ಉರಿಬಿಸಿಲಿಗೆ ಮಲಗಿಸಿ, ತಾನೂ ಪಕ್ಕದಲ್ಲೇ ಬಿಸಿಲಿಗೆ ಕುಳಿತಳು. “ಒಂದು ಬಿಲ್ಲು ಹೋದದ್ದೇ ಸಾಕು,” ಅಂದಳು ಅದಕ್ಕೆ. ಮರ ಚಿಟಿಲ್ಲೆಂದ ಮೇಲೆ ಎದ್ದು ಹೊಸ ಸಗಣಿ ಕಲಸಿ ತುದಿಗಳಿಗೆ ಮತ್ತೆ ಮೆತ್ತಿದಳು.

ಸಂಜೆ ತಾಟಿಗೆ ರೊಟ್ಟಿ ಬಿತ್ತು. “ಮತ್ತ ಸೀಳ್ತಾ? ನಿನ್ನ ಕೈಗಿ ಬೆಂಕಿ ಹಚ್ಚ! ನನಗ ಬಿಡುಗಡಿ ಯಾವಾಗ?”

“ಕೈಯಾಗಿನ ದೋಷ ಅದ ಅಮ್ಮಾ,” ಅಂದ ಅಜೀಮುದ್ದೀನ್.

ನಾಲ್ಕನೆಯ ಕೊಂಬೆ ಅವನು ಕಡಿಯಲಿಲ್ಲ. ಕಂಡದ್ದನ್ನು ಅವಳಿಗೆ ಎಂದೂ ಹೇಳಲಿಲ್ಲ.