ಬಸಲಿಂಗಪ್ಪಗೌಡರ ದೌಲತ್ತು

ಹಂಪಮ್ಮ ಸಕ್ಕರೆ ತಟ್ಟೆಯನ್ನು ಬೆರಳ ತುದಿಯಿಂದ ಆಚೆ ನೂಕಿದಳು.

“ಮೊದಲ ಕಾಗದ ತೋರಸ್ರಿ. ಆಮ್ಯಾಲ ಸಕ್ಕರಿ.”

ಶಹಾಪುರದ ಬಟ್ಟೆ ವ್ಯಾಪಾರಿ ಸಂಗಣ್ಣನ ಪಡಸಾಲೆಯಲ್ಲಿ ನಿಶ್ಚಯದ ಶಾಸ್ತ್ರ ಅಲ್ಲಿಗೇ ನಿಂತಿತು. ಅವನ ಮಗಳು ಭುವನೇಶ್ವರಿ, ಸುರಪುರದ ಶರಣಕುಮಾರ, ಇಬ್ಬರೂ ಯಾದಗಿರಿಯ ಒಂದೇ ಶಾಲೆಯ ಶಿಕ್ಷಕರು. ಒಬ್ಬರನ್ನೊಬ್ಬರು ಮೆಚ್ಚಿ ಮೂರು ವರ್ಷವಾಗಿತ್ತು. ಇನ್ನು ವರನ ಅಜ್ಜಿ ಹಂಪಮ್ಮನ ಬಾಯಿಗೆ ಚಿಟಿಕೆ ಸಕ್ಕರೆ ಬಿದ್ದರೆ ನಿಶ್ಚಯ. ಬೀಳದಿದ್ದರೆ ಆ ಮೂರು ವರ್ಷವೂ ನೀರುಪಾಲು.

ಅಡ್ಡ ನಿಂತವನು ಸತ್ತು ನೂರು ವರ್ಷವಾದ ಭಾಗಣ್ಣ, ಸಂಗಣ್ಣನ ಮುತ್ತಜ್ಜ. ಸತ್ತವರಿಗೆ ಬೇರೆ ಕೆಲಸವಿಲ್ಲ ನೋಡಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅವನು ಸಂಸ್ಥಾನದ ಗಡಿಯಾಚೆ, ಇಂಗ್ಲಿಷರ ಸೀಮೆಯ ಹುಚ್ಚಾಸ್ಪತ್ರೆಯಲ್ಲಿ ಏಳು ವರ್ಷ ಇದ್ದನೆಂದು ಊರಲ್ಲಿ ಗುಲ್ಲು. ಹುಡುಗಿಯ ಓದು, ನೌಕರಿ ಏನನ್ನೂ ಕೇಳದ ಹಂಪಮ್ಮ ಆಸ್ಪತ್ರೆಯ ಹಳೆ ದಫ್ತರದ ನಕಲು ಬೇಕೆಂದು ಪಟ್ಟು ಹಿಡಿದಳು. ಭುವನೇಶ್ವರಿ ಆರು ತಿಂಗಳು ಪತ್ರ ಬರೆದು ಬರೆದು ಅದನ್ನು ತರಿಸಿದಳು. ನಿನ್ನೆ ಓದಿದವಳು ಅದರಲ್ಲೇನಿದೆ ಎಂದು ಅಪ್ಪನಿಗೂ ಹೇಳಿರಲಿಲ್ಲ.

“ಹುಚ್ಚು ರಕ್ತದಾಗ ಇಳೀತದ,” ಎಂದಳು ಹಂಪಮ್ಮ. “ನಮ್ಮ ಮನೆತನ ನೋಡ್ರಿ. ನಮ್ಮ ಮಾವನ ತಂದಿ ಬಸಲಿಂಗಪ್ಪಗೌಡ್ರನ್ನ ಇಂಗ್ರೇಜಿ ಸಾಹೇಬ ವರ್ಷಗಟ್ಲೆ ತನ್ನ ಬಂಗ್ಲೇದಾಗ ಇಟ್ಕೊಂಡಿದ್ದ. ದಿನಾ ಮುಂಜಾನಿ ತಾನೇ ಬಂದು ಆರಾಮ ಕೇಳತಿದ್ದ. ಗಂಟಿ ಬಾರಿಸಿದ್ರ ಊಟ. ಜಳಕಾ ಮಾಡಸಾಕ, ಬಾಗಲಾ ತಗ್ಯಾಕ ಆಳು. ಗೌಡ್ರು ತಮ್ಮ ಕೈಲೆ ಬಾಗಲಾ ಸೈತ ತಗದವರಲ್ಲ. ಅವರೇ ಬರದ ಪತ್ರ ನಮ್ಮ ಟ್ರಂಕಿನಾಗ ಅವ.”

ಸಂಗಣ್ಣ ತಲೆ ತಗ್ಗಿಸಿದ. ಇಂಥ ದೌಲತ್ತಿನ ಮುಂದೆ ತನ್ನ ಅಂಗಡಿ ಯಾವ ಲೆಕ್ಕ ಎನಿಸಿತು.

ಭುವನೇಶ್ವರಿ ಕಾಗದ ತಂದಳು. ಹಂಪಮ್ಮ ಚಾಚಿದ ಕೈಯನ್ನು ದಾಟಿ ಶರಣಕುಮಾರನ ಬಳಿ ಹೋದಳು.

“ಇಂಗ್ಲೀಷಿನಾಗ ಅದ. ಮನಸಿನಾಗ ಓದ್ರಿ. ಆಮ್ಯಾಲ ನಿಮಗ ಏನ ಹೇಳಬೇಕನಸ್ತದ, ಅದನ್ನ ಹೇಳ್ರಿ.”

ಅವನು ಓದಿದ. ಮುಖ ಬಿಳಚಿಕೊಂಡಿತು. ಮತ್ತೊಮ್ಮೆ ಓದಿದ. ಮಗಳ ಬಾಳು ಕೆಟ್ಟಿತೆಂದು ಸಂಗಣ್ಣನ ಕಣ್ಣು ತುಂಬಿ ಬಂತು. ಹಂಪಮ್ಮ ಆಗಲೇ ಚಪ್ಪಲಿ ಹುಡುಕತೊಡಗಿದ್ದಳು.

“ಅಜ್ಜಿ, ಭಾಗಣ್ಣ ಹುಚ್ಚರಲ್ಲ,” ಎಂದ ಶರಣಕುಮಾರ.

“ಮತ್ತ?”

ಅವನು ಭುವನೇಶ್ವರಿಯತ್ತ ನೋಡಿದ. ಅವಳು ನೆಲ ನೋಡುತ್ತಿದ್ದಳು.

“ನಮ್ಮ ಗೌಡ್ರಿಗೆ ಬಾಗಲಾ ತಗೀತಿದ್ದ ಆಳು ಅವರೇ.”

ಹಂಪಮ್ಮನ ಮುಖ ಅರಳಿತು. “ಹಂಗನ್ನು ಮತ್ತ. ನಮ್ಮ ಉಪ್ಪುಂಡ ಮನಿ. ಇರಲಿ, ಹುಡುಗಿ ನಮ್ಮ ಮರ್ಯಾದಿ ಕಾಯ್ತಾಳ.”

ದೊಡ್ಡ ಮನಸ್ಸು ಮಾಡಿ ಬಾಯಿ ತೆರೆದಳು. ಭುವನೇಶ್ವರಿ ಚಿಟಿಕೆಯಲ್ಲ, ಒಂದು ಹಿಡಿ ಸಕ್ಕರೆ ಹಾಕಿದಳು. ಸಂಗಣ್ಣ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. ಶರಣಕುಮಾರ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಸೇರಿಸಿದ. ಅದರಲ್ಲಿದ್ದದ್ದು ಇಷ್ಟೇ:

“ಕೋಣೆ ಏಳು. ಕಾವಲುಗಾರ: ಶಹಾಪುರದ ಭಾಗಣ್ಣ. ರೋಗಿ: ಸುರಪುರದ ಬಸಲಿಂಗಪ್ಪಗೌಡ. ಲಕ್ಷಣ: ತಾನು ಸಾಹೇಬರ ಅತಿಥಿ, ಕಾವಲುಗಾರ ತನ್ನ ಆಳು ಎಂದು ಊರಿಗೆ ಪತ್ರ ಬರೆಯುತ್ತಿರುತ್ತಾನೆ.”