ಜಯಕ್ಕನ ಪೆಟ್ಟಿಗೆ

ಕಿಣ್.

ನಾಗರತ್ನಮ್ಮ ಉಸಿರು ಬಿಗಿಹಿಡಿದಳು. ನಡುರಾತ್ರಿ ದಾಟಿತ್ತು. ಮತ್ತೆ ಕಿಣ್. ಗಾಜಿನ ಬಳೆಗಳು ಒಂದಕ್ಕೊಂದು ತಾಗಿದ ಸದ್ದು. ಮೂಲೆಯ ಕೋಣೆಯಿಂದ. ಅಲ್ಲಿದ್ದದ್ದು ಒಂದು ಪೆಟ್ಟಿಗೆ ಮಾತ್ರ. ಅದರ ಒಡತಿ, ಗಂಡನ ಮೊದಲ ಹೆಂಡತಿ ಜಯಕ್ಕ, ಹಿಂದಿನ ಪ್ಲೇಗಿನಲ್ಲಿ ಸತ್ತಿದ್ದಳು.

ಕೈ ತಾನಾಗಿಯೇ ಕೊರಳಿಗೆ ಹೋಯಿತು. ತಾಳಿಯ ಪಕ್ಕದಲ್ಲಿ ಸಣ್ಣ ಬೆಳ್ಳಿಯ ಬಿಲ್ಲೆ. ಎರಡನೆಯ ಹೆಂಡತಿಯಾಗಿ ಬಂದವಳು ಮೊದಲಿನವಳ ಹೆಸರಿನಲ್ಲಿ ಅದನ್ನು ಕಟ್ಟಿಕೊಳ್ಳಬೇಕು, ಇಲ್ಲವಾದರೆ ಸವತಿ ಕಾಡುತ್ತಾಳೆ. ನಾಗರತ್ನಮ್ಮ ಕಟ್ಟಿಕೊಂಡಿದ್ದಳು. ಹೊಸ ಸೀರೆಯನ್ನು ಅದಕ್ಕೆ ಸೋಕಿಸಿದ ಮೇಲೆಯೇ ಉಡುತ್ತಿದ್ದಳು. ಆದರೂ ಮೊದಲ ಬಸಿರು ನಿಲ್ಲಲಿಲ್ಲ. ಈಗ ಮತ್ತೆ ಐದು ತಿಂಗಳು.

ಬೆಳಿಗ್ಗೆ ಹೇಳಿದಾಗ ಗಂಡ ಪರ್ವತಯ್ಯ ನಕ್ಕ. "ಸತ್ತೋಳು ಬಳೆ ತೊಟ್ಕಂಡ್ರೆ ನಿಂಗ್ಯಾಕೆ ಹೊಟ್ಟೆಕಿಚ್ಚು?"

ಅತ್ತೆ ಬೊಮ್ಮಕ್ಕ ನಗಲಿಲ್ಲ. ಮಗ ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡ ಹೆಂಗಸು, ನಗುವುದೇ ಕಡಿಮೆ. ರಾಗಿ ಬೀಸುತ್ತಲೇ ಹೇಳಿದಳು: "ಧರ್ಮಾವರದ ಸೀರೆ, ಕೈತುಂಬ ಬಳೆ, ಕರೀಮ್ ಸಾಬರ ಅಂಗಡಿ ಅತ್ತರು. ಒಳ್ಳೆ ದಿನ ಬರ್ಲಿ ಅಂತ ಮಡಗಿ ಮಡಗಿ ಹೋದ್ಲು. ಇದ್ದಾಗ ಉಡ್ಲಿಲ್ಲ, ಈಗ್ಲಾದ್ರೂ ಉಟ್ಕಳ್ಲಿ ಬುಡವ್ವ. ನಿಂಗೇನು ಕಮ್ಮಿಯಾಯ್ತದೆ?"

ನಾಗರತ್ನಮ್ಮ ಗಂಡನನ್ನು ಕರೆದುಕೊಂಡು ಹೋಗಿ ಪೆಟ್ಟಿಗೆ ತೆರೆಸಿದಳು. ಬೀಗವಿರಲಿಲ್ಲ. ಸತ್ತವಳ ಪೆಟ್ಟಿಗೆಗೆ ಕೈಹಾಕುವವರು ಯಾರು? ಸೀರೆಯ ಮಡಿಕೆ ಬದಲಾಗಿತ್ತು. ಅತ್ತರಿನ ಸೀಸೆಯ ಅರಗು ಒಡೆದಿತ್ತು, ಅರ್ಧ ಖಾಲಿ. ಪರ್ವತಯ್ಯನ ನಗು ಅಲ್ಲಿಗೆ ನಿಂತಿತು.

ಸಂಜೆಗೆ ಮಂತ್ರ ಹಾಕುವ ಮೂಡಲಗಿರಿಯಪ್ಪ ಬಂದ. ಕೋಣೆಯ ಹೊಸ್ತಿಲು ದಾಟದೆಯೇ ತೀರ್ಮಾನ ಕೊಟ್ಟ. "ಆಸೆ ತೀರ್ದೆ ಹೋಗೈತೆ. ಸೀರೆ ಆಯ್ತು, ಬಳೆ ಆಯ್ತು, ಇನ್ನು ಕೂಸು ಕೇಳ್ತಾಳೆ. ಪೆಟ್ಟಿಗೇನ ಮದಲೂರು ಕೆರೆಗೆ ಹಾಕ್ಬುಡಿ."

ನಾಗರತ್ನಮ್ಮ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು.

"ಕೂಸಿನ ಮಾತು ಯಾಕಯ್ಯ ಎತ್ತೀಯ? ಅವ್ಳು ಅಂಥೋಳಲ್ಲ," ಎಂದಳು ಬೊಮ್ಮಕ್ಕ.

"ಸತ್ತೋರ ಮನಸು ನಿಂಗೆಂಗೆ ಗೊತ್ತಮ್ಮ?"

ಬೊಮ್ಮಕ್ಕ ಸೊಸೆಯ ಮುಖ ನೋಡಿದಳು. ಆಮೇಲೆ ಮಗನಿಗೆ ಹೇಳಿದಳು: "ತಗಂಡೋಗಪ್ಪ. ಕೂಸು ಉಳುದ್ರೆ ಸಾಕು."

ಆ ರಾತ್ರಿ ಬಳೆಗಳು ಸುಮ್ಮನಾಗಲೇ ಇಲ್ಲ. ತಡೆಯಲಾರದೆ ನಾಗರತ್ನಮ್ಮ ಎದ್ದು ಹೋಗಿ ಬಾಗಿಲ ಸಂದಿಗೆ ಕಣ್ಣಿಟ್ಟಳು. ಹಣತೆಯ ಮುಂದೆ ಕುಳಿತ ಒಂದು ಬೆನ್ನು. ತಲೆ ತುಂಬ ಕೆಂಪು ರೇಷ್ಮೆ. ಅತ್ತರಿನ ಘಮ. ಒಂದು ಕೈ ಮೆಲ್ಲಗೆ ಮೇಲೇರಿತು, ಬಳೆಗಳು ಮೊಣಕೈಯವರೆಗೆ ಜಾರಿದವು. ಕೈ ಇಳಿಯಿತು, ಅವೂ ಇಳಿದವು. ಮತ್ತೆ ಏರಿತು. ಅಷ್ಟೇ ಆಟ. ಅದಕ್ಕೇ ಒಂದು ಸಣ್ಣ ನಗು, ಎಳೆಯ ಹುಡುಗಿಯ ನಗುವಿನಂಥದು.

ನಾಗರತ್ನಮ್ಮ ಗೋಡೆ ಹಿಡಿದುಕೊಂಡು ಹಿಂದೆ ಸರಿದಳು.

ಬೆಳಕು ಹರಿಯುವ ಮುಂಚೆಯೇ ಗಾಡಿ ಬಂತು. ಮುಖ ತೊಳೆಯಲೂ ಬಿಡುವಿಲ್ಲದಂತೆ ಗಾಡಿಯವನು ಅವಸರ ಮಾಡಿದ. ಪರ್ವತಯ್ಯ ಪೆಟ್ಟಿಗೆಯನ್ನು ಹೊತ್ತು ತಂದು ಗಾಡಿಯಲ್ಲಿಟ್ಟ. ಬೊಮ್ಮಕ್ಕ ಹಣೆ ಮುಚ್ಚುವಂತೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

ಕೂಸಿಗೆ ಒಳ್ಳೆಯದಾಗಲೆಂದು ನಾಗರತ್ನಮ್ಮ ಅತ್ತೆಯ ಕಾಲಿಗೆ ಬಿದ್ದಳು. ತಲೆಯೆತ್ತಿ ಸೆರಗಿನೊಳಗಿನ ಮುಖ ಕಂಡವಳು ಹಾಗೇ ನಿಂತುಬಿಟ್ಟಳು.

"ಪೆಟ್ಟಿಗೆ ಇಳ್ಸಿ," ಎಂದಳು.

"ಯಾಕೆ? ಏನಾಯ್ತೇ?"

"ರಾತ್ರಿ ಕನಸಲ್ಲಿ ಬಂದಿದ್ಲು. ನಿನ್ನ ಮಗೀನ ನಾನೇ ಕಾಯ್ತೀನಿ, ನನ್ನ ಸೀರೆ ನೀರಿಗೆ ಹಾಕ್ಬ್ಯಾಡಿ ಅಂದ್ಲು. ಇಳ್ಸಿ ಅಂದ್ನಲ್ಲ."

ಪರ್ವತಯ್ಯ ಪೆಟ್ಟಿಗೆಗೆ ಕೈಮುಗಿದು, ಅದನ್ನು ಹೊತ್ತು ಒಳಗೆ ಹೋದ.

ಇದನ್ನು ಯಾರಿಗೂ, ಯಾವತ್ತೂ ಹೇಳುವುದಿಲ್ಲವೆಂದುಕೊಂಡು ನಾಗರತ್ನಮ್ಮ ಸೆರಗಿನ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಅತ್ತೆಯ ಹಣೆಯಲ್ಲಿ ಅಳಿಯದೆ ಉಳಿದಿದ್ದ ಕುಂಕುಮವನ್ನು ಒರೆಸಿದಳು.