ಗರುಗದ ಗುರುತು

“ಇದು ಗರುಗ ಅಲ್ಲಮ್ಮ, ಯಾವ್ದೋ ಕಳೆ. ಗರುಗದ ಹೂವು ಹಳದಿ.” ಚಾಮರಾಜಪೇಟೆಯ ಗ್ರಂಧಿಗೆ ಅಂಗಡಿಯ ರಂಗನಾಥ ಶೆಟ್ಟರು ಮುನಿಗಂಗಮ್ಮನ ಸೊಪ್ಪಿನ ಕಟ್ಟನ್ನು ಒಂದೇ ಬೆರಳಲ್ಲಿ ತಳ್ಳಿ, ಗೋಡೆಯ ಮೇಲಿದ್ದ, ‘ಗರುಗ (ಭೃಂಗರಾಜ)’ ಎಂದು ಹಳದಿ ಹೂವಿನ ಚಿತ್ರ ಅಚ್ಚಾಗಿದ್ದ ಕೂದಲೆಣ್ಣೆ ಕಂಪನಿಯ ೧೯೯೬ರ ಕ್ಯಾಲೆಂಡರ್ ತೋರಿಸಿದರು.

“ಆ ಕ್ಯಾಲೆಂಡರ್ ಯಾವತ್ತಾದ್ರೂ ಕಾಲ್ವೆ ದಂಡೆ ಕೆಸರಲ್ಲಿ ನಿಂತಿತ್ತಾ ಸೆಟ್ರೇ? ನಾನು ನಲವತ್ತು ವರ್ಷದಿಂದ ನಿಂತಿದೀನಿ. ಕೈ ಕೊಡಿ.”

ಅವರು ಬೇಡವೆನ್ನುವಷ್ಟರಲ್ಲಿ ಅವಳು ಬಿಳಿ ಹೂವಿನ ಸಮೇತ ಒಂದು ದಂಟನ್ನು ಹೊಸಕಿ, ಅವರ ಅಂಗೈಗೆ ರಸ ಹಿಂಡಿದಳು. ಹಸಿರು ರಸ ನೋಡನೋಡುತ್ತಲೇ ಕಾಡಿಗೆಯಂತೆ ಕಪ್ಪಾಯಿತು.

“ಹಿಂಗೆ ಕಪ್ಪಗಾಗೋದು ಗರುಗಾನೇ.”

ಶೆಟ್ಟರು ಬಿಳಿ ಪಂಚೆಗೆ ಕೈ ಒರೆಸಿಕೊಂಡರು, ಪಂಚೆಯೂ ಕಪ್ಪಾಯಿತು. “ಸರಿ, ಇಟ್ಟು ಹೋಗಮ್ಮ,” ಎಂದರು.

ಮುನಿಗಂಗಮ್ಮ ಆಗಲೇ ಕಟ್ಟನ್ನು ತಲೆಗೇರಿಸಿದ್ದಳು. “ಗಿಡ ಗೊತ್ತಿಲ್ದೋರಿಗೆ ನಾನು ಮಾರಲ್ಲ.”